ಒಳಚಿಲಕ

೫ ಮಾರ್ಚ್ ೨೦೨೫, ಬೂದಿ ಬುಧವಾರ. ಮಾಜಾಳಿ

ಹಣೆಯ ಬೂದಿ ಇನ್ನೂ ಒರೆಸಿರಲಿಲ್ಲ, ಅಷ್ಟರಲ್ಲಿ ಇವರು ಸುದ್ದಿ ಹೇಳಿದರು. ಇನಾಸ್ ಬರುತ್ತಾನಂತೆ. ಭಾನುವಾರ. ಬಂದು ಹೋಗಲಿಕ್ಕಲ್ಲ, ಇರಲಿಕ್ಕೆ.

ಇಗರ್ಜಿಯ ಮೆಟ್ಟಿಲ ಮೇಲೆ ನಿಂತು ಹೇಳಿದರು. ಮನೆಯಲ್ಲಿ ಹೇಳಿದರೆ ನಾನು ಕೂಗಾಡುತ್ತೇನೆಂದು ನನ್ನ ಗಂಡನಿಗೆ ಚೆನ್ನಾಗಿ ಗೊತ್ತು. ಪಾದ್ರಿಗಳು ಬಾಗಿಲಲ್ಲೇ ನಿಂತಿರುವಾಗ ಅಂಗನವಾಡಿ ಟೀಚರಾದ ನಾನು ಕೂಗುವುದು ಹೇಗೆ? ಸುಮ್ಮನೆ ಬಂದೆ.

ಇನಾಸ್ ಇವರ ತಮ್ಮ. ಒಂಬತ್ತು ವರ್ಷದ ಹಿಂದೆ ಒಂದು ಸಂಜೆ ಗಡಿಯಾಚೆ ಗೋವೆಯಲ್ಲಿ ಕುಡಿದು ಬಂದ. ಊಟ ತಡವಾಯಿತೆಂದು ಒಲೆಯ ಮೇಲೆ ಕುದಿಯುತ್ತಿದ್ದ ಗಂಜಿ ಪಾತ್ರೆಯನ್ನು ಒದ್ದ. ಅದು ಜೊವಿಟಾಳ ಎಡಗಾಲಿನ ಮೇಲೆ ಬಿತ್ತು. ನನ್ನ ಮಗಳಿಗೆ ಆಗ ಏಳು ವರ್ಷ. ಈಗಲೂ ಆ ಪಾದದ ಚರ್ಮ ಸುಕ್ಕುಸುಕ್ಕಾಗಿದೆ, ಎರಡು ಬೆರಳು ಅಂಟಿಕೊಂಡಿವೆ. ಇವರು ಅವತ್ತೇ ಅವನನ್ನು ಮನೆಯಿಂದ ಹೊರಗೆ ಹಾಕಿದರು. ಎಲ್ಲೆಲ್ಲೋ ಬೋಟಿನಲ್ಲಿ ದುಡಿದ, ಎಲ್ಲೆಲ್ಲೋ ಬಿದ್ದ. ಆಮೇಲೆ ಯಾರೋ ಸಿಸ್ಟರುಗಳು ನಡೆಸುವ ಕುಡಿತ ಬಿಡಿಸುವ ಮನೆ ಸೇರಿದನಂತೆ. ಈಗ ಬಿಟ್ಟಿದ್ದಾನಂತೆ. ‘ದೇವರು ನನ್ನನ್ನು ಉಳಿಸಿದ’ ಎಂದು ಫೋನಿನಲ್ಲಿ ಅತ್ತನಂತೆ. ಎಲ್ಲ ‘ಅಂತೆ’ಯೇ.

ಇವತ್ತು ಪ್ರವಚನದಲ್ಲಿ ಪಾದ್ರಿಗಳು, ದೇವರ ಕೃಪೆ ಸಂಬಳವಲ್ಲ, ದುಡಿದವರಿಗೆ ಮಾತ್ರ ಕೊಡುವಂಥದ್ದಲ್ಲ, ಅಂದರು. ನಾನೂ ತಲೆದೂಗಿದ್ದೆ. ಸುದ್ದಿ ಗೊತ್ತಿದ್ದರೆ ತೂಗುತ್ತಿರಲಿಲ್ಲ.

ಜಪಮಾಲೆ ಮುಗಿಸಿ ಹೀಗೆ ಬೇಡಿಕೊಂಡೆ: ದೇವರೇ, ಇನಾಸನನ್ನು ಉದ್ಧಾರ ಮಾಡು. ಬೇರೆ ಎಲ್ಲಾದರೂ ಇಟ್ಟು ಮಾಡು.

ಇದನ್ನೆಲ್ಲ ಕನ್ನಡದಲ್ಲಿ ಬರೆಯುವುದೇ ಒಳ್ಳೆಯದು. ಇವರು ಕಲಿತದ್ದು ಗೋವೆಯ ಕಾಣಕೋಣದಲ್ಲಿ, ಕನ್ನಡ ಅಕ್ಷರ ಬಾರದು. ಅತ್ತೆಗೆ ಯಾವ ಅಕ್ಷರವೂ ಬಾರದು. ಜೊವಿಟಾ ಇದನ್ನು ಅಂಗನವಾಡಿಯ ಪುಸ್ತಕ ಅಂದುಕೊಂಡು ಮುಟ್ಟುವುದಿಲ್ಲ.

೮ ಮಾರ್ಚ್, ಶನಿವಾರ

ಶಿವಾನಂದ ಆಚಾರಿಯನ್ನು ಕರೆಸಿ ಜೊವಿಟಾಳ ಕೋಣೆಗೆ ಒಳಚಿಲಕ ಹಾಕಿಸಿದೆ. ಉದ್ದದ್ದು, ಕಬ್ಬಿಣದ್ದು. ‘ಕಳ್ಳರ ಕಾಟ ಶುರುವಾಯ್ತ್ರಾ ಅಕ್ಕೋರೆ?’ ಅಂದ. ಹೌದು ಅಂದೆ. ಇನ್ನು ಮೇಲೆ ನಾನೂ ಮಗಳ ಕೋಣೆಯಲ್ಲೇ ಮಲಗುವುದು. ಹೇಗೂ ಇವರಿಗೆ ಮಡಗಾಂವಿನ ಹೋಟೆಲಿನಲ್ಲಿ ಅಡುಗೆ ಕೆಲಸ, ವಾರದಲ್ಲಿ ಹೆಚ್ಚು ದಿನ ಅಲ್ಲೇ ಇರುತ್ತಾರೆ. ಹೆದರಬೇಕಾದವಳು ನಾನೊಬ್ಬಳೇ.

ಕತ್ತಿ, ಕೊಡಲಿ, ಈಳಿಗೆ ಎಲ್ಲವನ್ನೂ ಗೋಣಿಯಲ್ಲಿ ಸುತ್ತಿ ಅಕ್ಕಿ ಡಬ್ಬದ ಹಿಂದೆ ಇಟ್ಟೆ.

೯ ಮಾರ್ಚ್, ಭಾನುವಾರ

ಬಂದ. ತುಂಬ ಬಡಕಲಾಗಿದ್ದಾನೆ. ಗೇಟಿನ ಹೊರಗೆ ಚೀಲ ಹಿಡಿದು ನಿಂತೇ ಇದ್ದ. ಅತ್ತೆ ಗೋಡೆ ಹಿಡಿದುಕೊಂಡು ಹೊರಗೆ ಬಂದು ‘ಒಳಗೆ ಬಾರೋ’ ಅಂದ ಮೇಲೆ ಕಾಲಿಟ್ಟ. ‘ಹೇಗಿದ್ದೀ ವೈನಿ?’ ಎಂದು ಅತ್ತಿಗೆಯಾದ ನನ್ನನ್ನು ಕೇಳಿದ. ಇದ್ದೇನೆ ಅಂದೆ.

ಜೊವಿಟಾ ಬಂದು ‘ಕಾಕಾ’ ಅಂದಳು. ಅವನು ಅವಳ ಮುಖ ನೋಡಲಿಲ್ಲ, ಪಾದ ನೋಡಿದ. ಆಮೇಲೆ ಊಟಕ್ಕೆ ಕೂತಾಗಲೂ ತಲೆ ಎತ್ತಲಿಲ್ಲ. ಗಂಜಿ ಬಡಿಸುವಾಗ ನನ್ನ ಕೈಯಿಂದ ಸೌಟು ಜಾರಿ ಬಿತ್ತು. ಆ ಶಬ್ದಕ್ಕೆ ನಾವಿಬ್ಬರೂ ಬೆಚ್ಚಿದೆವು.

ಕೇಳುವ ಮೊದಲೇ ‘ನಾನು ಜಗಲಿಲಿ ಮಲಗ್ತೆ’ ಅಂದ. ಚಿಲಕ ಹಾಕಿದೆ. ಹಾಕಿದ್ದೇನೆಯೇ ಎಂದು ಎದ್ದು ಮತ್ತೆ ನೋಡಿದೆ.

೧೨ ಮಾರ್ಚ್, ಬುಧವಾರ

ಈಳಿಗೆ ಅಡಗಿಸಿಟ್ಟದ್ದು ನನಗೇ ತಿರುಗಿಬಿತ್ತು. ಇವತ್ತು ಇನಾಸ್ ಮೀನು ತಂದ, ಹೆಚ್ಚಲು ಏನೂ ಇಲ್ಲ! ಅವನ ಎದುರು ಗೋಣಿ ಬಿಚ್ಚುವುದು ಹೇಗೆ? ಪಕ್ಕದ ಮನೆಯ ಯಶೋದಾಳ ಹತ್ತಿರ ಹೋದೆ. ಅವಳು ಈಳಿಗೆ ಕೊಡುತ್ತಾ, ‘ನಿಮ್ಮದು ಎಂತಾ ಆಯ್ತು ಅಕ್ಕೋರೆ? ಮೀನು ನುಂಗಿತಾ?’ ಅಂದಳು. ಅವಳಿಗೆ ಎಲ್ಲ ಅಂದಾಜಾಗಿದೆ.

ಮೀನು ಬಂದದ್ದು ರಂಪಣಿಯಿಂದ. ನಮ್ಮ ಕಡಲ ದಂಡೆಯಲ್ಲಿ ದತ್ತಾ ತಾಂಡೇಲನ ಬಲೆ ಇದೆ. ದೋಣಿಯಲ್ಲಿ ಹೋಗಿ ದೊಡ್ಡ ಬಲೆಯನ್ನು ಅರ್ಧಚಂದ್ರದ ಹಾಗೆ ಬಿಟ್ಟು ಬರುತ್ತಾರೆ, ಆಮೇಲೆ ದಡದಲ್ಲಿ ಎರಡೂ ಕಡೆಯ ಹಗ್ಗ ಹಿಡಿದು ಜನ ಎಳೆಯುತ್ತಾರೆ. ಬೆಳಗಿನಿಂದ ಎಳೆದವರಿಗೂ ಪಾಲು, ಬಲೆ ದಡಕ್ಕೆ ಬಂದಾಗ ಓಡಿ ಬಂದು ಹಗ್ಗಕ್ಕೆ ಕೈ ಹಾಕಿದವರಿಗೂ ಪಾಲು. ಇನಾಸ್ ಹೋದದ್ದು ಕೊನೆಗೆ. ದತ್ತಾ ಅವನಿಗೂ ಬಂಗಡೆ ಕೊಟ್ಟು ಕಳಿಸಿದ್ದಾನೆ.

‘ನಾನು ಬೇಡ ಅಂದೆ ವೈನಿ. ಹಗ್ಗ ಮುಟ್ಟಿದೆಯಲಾ, ತಕಂಡು ಹೋಗು ಅಂದ’ ಅಂತ ಇನಾಸ್ ಹೇಳಿದ.

ಈ ಪದ್ಧತಿ ನನಗೆ ಯಾವತ್ತೂ ಸರಿ ಕಂಡಿಲ್ಲ. ಬೆಳಗಿನಿಂದ ಅಂಗೈ ಸುಲಿದುಕೊಂಡವರ ಗತಿ ಏನು? ನಾನು ಹದಿನೆಂಟು ವರ್ಷದಿಂದ ಈ ಮನೆಯ ಜಪಮಾಲೆ ತಪ್ಪಿಸಿಲ್ಲ. ಇವನು ಹೊಳೆಯಲ್ಲಿ ತೇಲಿ ಬಂದವನ ಹಾಗೆ ಬಂದ, ಅತ್ತೆ ಅವನ ತಲೆ ಸವರುತ್ತಾ ಕೂತಿದ್ದಾಳೆ.

ಬಂಗಡೆ ಚೆನ್ನಾಗಿತ್ತು. ಚಿಲಕ ಹಾಕಿದೆ.

೧೭ ಮಾರ್ಚ್, ಸೋಮವಾರ

ಅವನ ಚೀಲದಲ್ಲಿ ಬಾಟಲಿ! ಜಗಲಿ ಗುಡಿಸುವಾಗ ಕೈಗೆ ತಾಗಿತು. ಇವರಿಗೆ ಫೋನ್ ಮಾಡಲೇ, ಮಗಳನ್ನು ಕರೆದುಕೊಂಡು ಓಡಲೇ? ಮುಚ್ಚಳ ತೆಗೆದು ಮೂಸಿದೆ. ಅತ್ತೆಯ ಮಂಡಿಗೆ ಹಚ್ಚುವ ಎಣ್ಣೆ.

ಇವತ್ತು ಎಣ್ಣೆ. ನಾಳೆ?

೨೧ ಮಾರ್ಚ್, ಶುಕ್ರವಾರ

ಜೊವಿಟಾಳ ಹತ್ತನೆಯ ತರಗತಿ ಪರೀಕ್ಷೆ ಇವತ್ತು ಶುರು. ಹೊರಡುವ ಹೊತ್ತಿಗೆ ಚಪ್ಪಲಿಯ ಪಟ್ಟಿ ಕಿತ್ತುಹೋಯಿತು. ಆ ಕಾಲಿಗೆ ಎಲ್ಲ ಚಪ್ಪಲಿಯೂ ಹಿಡಿಸುವುದಿಲ್ಲ, ಇದೊಂದೇ. ಅವಳು ಅಳುವುದೊಂದು ಬಾಕಿ.

ಇನಾಸ್ ಬಲೆ ಹೆಣೆಯುವ ಸೂಜಿ, ದಾರ ತಂದು ಅವಳ ಕಾಲ ಬುಡದಲ್ಲಿ ಕೂತ. ನಾನು ಅಡುಗೆಮನೆಯ ಬಾಗಿಲ ಹಿಂದೆ ಸೌಟು ಹಿಡಿದು ನಿಂತೆ. ಸೌಟಿನಿಂದ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಅವನು ಹೊಲಿದು, ಚಪ್ಪಲಿಯನ್ನು ಅವಳ ಪಾದಕ್ಕೆ ಹಾಕಲು ಹೋಗಿ ನಿಲ್ಲಿಸಿದ. ಸುಟ್ಟ ಜಾಗದ ಹತ್ತಿರ ಅವನ ಕೈ ಹಾಗೇ ಇತ್ತು. ಮುಟ್ಟಲಿಲ್ಲ.

‘ಕಾಕಾ, ಬಸ್ ಹೋಗ್ತದೆ’ ಅಂದಳು ಜೊವಿಟಾ, ಕಾಲನ್ನು ತಾನೇ ಮುಂದೆ ಚಾಚಿ.

ಅವನು ಹಾಕಿಕೊಟ್ಟ. ಅವಳು ಓಡಿದಳು. ಅವನು ಅಲ್ಲೇ ಕೂತಿದ್ದ, ಬೆನ್ನು ಅಲುಗುತ್ತಿತ್ತು. ನಾನು ಸೌಟನ್ನು ಕೆಳಗಿಟ್ಟು ಚಹಾಕ್ಕೆ ನೀರಿಟ್ಟೆ. ಹುಡುಗಿಗೆ ಹೆದರಿಕೆ ಅನ್ನುವುದೇ ಇಲ್ಲ, ಅದೇ ನನಗೆ ಹೆದರಿಕೆ.

೩ ಏಪ್ರಿಲ್, ಗುರುವಾರ

ಯಶೋದಾ ಹೇಳಿದಳು, ಇನಾಸ್ ದಿನಾ ಸಂಜೆ ಚೆಕ್‌ಪೋಸ್ಟಿನ ಹತ್ತಿರ ಹೋಗಿ ನಿಲ್ಲುತ್ತಾನಂತೆ. ದಾಟಿದರೆ ಗೋವೆ. ಅಲ್ಲಿ ರಸ್ತೆಯ ಎರಡೂ ಬದಿಗೆ ಬಾರುಗಳೇ. ‘ನಿಮ್ಗೆ ಹೇಳ್ದೇ ಇರೂಕೆ ಆಗ್ಲಿಲ್ಲ ಅಕ್ಕೋರೆ. ಸುಮ್ಗೆ ನಿತ್ಕಂಡು ನೋಡ್ತಾ, ಮತ್ತೆ ತಿರುಗಿ ಬತ್ತಾ.’

ಅವನನ್ನೇ ಕೇಳಿದೆ. ಎಲ್ಲಿಂದ ಧೈರ್ಯ ಬಂತೋ.

‘ಹೌದು ವೈನಿ’ ಅಂದ. ‘ಮನೆಲಿ ಕೂತ್ರೂ ಕಾಲು ಅಲ್ಲಿಗೇ ಎಳೀತದೆ. ಅದಕ್ಕೇ ಹೋಗಿ ನಿಲ್ತೆ. ದೇವ್ರೇ, ಇವತ್ತು ಒಂದು ದಿನ ತಿರುಗ್ಸು ಅಂತ ಬೇಡ್ಕಳ್ತೆ. ತಿರುಗಿಸ್ತಾನೆ.’

‘ಒಂದೇ ಸಲ ಪೂರ್ತಿ ಬಿಡಿಸು ಅಂತ ಬೇಡಬಾರದೇ?’

‘ಬೇಡಿದ್ದೆ. ಅಂವ ದಿನದ್ದು ದಿನ ಮಾಡ್ತಾನೆ. ನಾಳೆದು ನಂಗೊತ್ತಿಲ್ಲ.’

ನಾಳೆದು ಗೊತ್ತಿಲ್ಲ! ಇಷ್ಟು ಸಾಕು ನನಗೆ. ನಾಳೆ ಪರೀಕ್ಷೆ ಮುಗಿಯುತ್ತದೆ. ನಾಡಿದ್ದು ಜೊವಿಟಾಳನ್ನು ಕರೆದುಕೊಂಡು ಅಂಕೋಲೆಗೆ, ತವರಿಗೆ. ಅಂಗನವಾಡಿಗೆ ರಜೆ ಹಾಕಿದ್ದೇನೆ. ಇವನು ಹೋಗುವ ತನಕ ನಾನು ಬರುವುದಿಲ್ಲ.

೬ ಏಪ್ರಿಲ್, ಭಾನುವಾರ. ಅಂಕೋಲೆ

ಬಸ್ಸು ಅರ್ಗಾದ ನೌಕಾನೆಲೆಯ ಗೋಡೆ ದಾಟಿದ ಮೇಲೆ ಉಸಿರು ಸಲೀಸಾಯಿತು. ತವರಿನ ಅಂಗಳದಲ್ಲಿ ಈಶಾಡ ಮಾವಿನ ಮರದ ತುಂಬ ಕಾಯಿ. ಅಮ್ಮ ಮಾವಿನಕಾಯಿ ಹಾಕಿ ಸಿಗಡಿ ಸಾರು ಮಾಡಿದಳು. ಇಲ್ಲಿ ಯಾವ ಬಾಗಿಲಿಗೂ ಸರಿಯಾದ ಚಿಲಕವಿಲ್ಲ, ಆದರೂ ಚೆನ್ನಾಗಿ ನಿದ್ದೆ ಬಂತು.

ಅಮ್ಮ ಕೇಳಿದಳು: ‘ಅಂವ ಬಂದ ಮೇಲೆ ಏನಾದ್ರೂ ಮಾಡಿದ್ನೇ?’

ಇಲ್ಲ ಅಂದೆ.

‘ಮತ್ತೆ?’

ಮಾಡಿದ ಮೇಲೆ ಓಡಿ ಬರಬೇಕಿತ್ತೇ ಎಂದು ರೇಗಿದೆ.

೯ ಏಪ್ರಿಲ್, ಬುಧವಾರ. ಅಂಕೋಲೆ

ಮನೆಯ ಬೆಕ್ಕಿಗೆ ಯಾರಾದರೂ ಅನ್ನ ಹಾಕುತ್ತಾರೋ ಇಲ್ಲವೋ ಎಂದು ಯಶೋದಾಳಿಗೆ ಫೋನ್ ಮಾಡಿದೆ. ಮಾತಿಗೆ ಮಾತು ಬಂದು, ಅತ್ತೆಗೂ ಅವನಿಗೂ ಯಾರು ಬೇಯಿಸುತ್ತಾರೆ, ಸಂಜೆ ಚೆಕ್‌ಪೋಸ್ಟಿನ ಕಡೆ ಹೋಗಿ ವಾಪಸ್ ಬರುತ್ತಾನಾ ಎಂದೂ ಕೇಳಿದೆ. ‘ದಿನಾ ಬತ್ತಾ’ ಅಂದಳು. ‘ಬೆಕ್ಕೂ ಚಲೋ ಇದ್ದು’ ಎಂದು ಕೊನೆಗೆ ನಕ್ಕಳು.

ನಾಡಿದ್ದು ಹೊರಡುತ್ತೇವೆ. ಗರಿಗಳ ಭಾನುವಾರಕ್ಕೆ ನಮ್ಮ ಇಗರ್ಜಿಯಲ್ಲೇ ಇರಬೇಕು, ಬೇರೇನೂ ಕಾರಣವಿಲ್ಲ.

೧೩ ಏಪ್ರಿಲ್, ಗರಿಗಳ ಭಾನುವಾರ. ಮಾಜಾಳಿ

ಇನ್ನೊಂದು ಹೊಸ ತಲೆನೋವು. ಪವಿತ್ರ ಗುರುವಾರದ ಪೂಜೆಯಲ್ಲಿ ಪಾದ ತೊಳೆಸಿಕೊಳ್ಳುವ ಹನ್ನೆರಡು ಜನರಲ್ಲಿ ಪಾದ್ರಿಗಳು ಇನಾಸನ ಹೆಸರು ಓದಿದರು. ಹಿಂದಿನ ಬೆಂಚಿನಲ್ಲಿ ಪಿಸುಪಿಸು ಶುರುವಾಯಿತು. ಇನಾಸನ ಮುಖ ಬಿಳಿಚಿಕೊಂಡಿತು.

ಹೊರಗೆ ಬಂದು ಪಾದ್ರಿಗಳನ್ನು ಕೇಳಿದೆ, ಸ್ವಲ್ಪ ಸಮಯ ನೋಡಿ, ಮುಂದಿನ ವರ್ಷ ಮಾಡಬಹುದಿತ್ತಲ್ಲವೇ, ಫಾದರ್? ಅವರು ನಕ್ಕರು. ‘ಯಾರು ಯಾರನ್ನು ನೋಡಬೇಕು ಟೀಚರೇ?’ ಅಂದರು. ಉತ್ತರ ಅಂದರೆ ಇದಾ?

ಅವತ್ತು ಇವನು ಎಲ್ಲಾದರೂ ಎಡವಟ್ಟು ಮಾಡಿದರೆ ಇಡೀ ಊರು ನಗುತ್ತದೆ. ಜನ ಬಾಯಿಗೆ ಬಂದದ್ದು ಅಂದರೆ ಅವನು ತಡೆದುಕೊಳ್ಳುತ್ತಾನೋ ಇಲ್ಲವೋ. ನಿದ್ದೆ ಬರುವ ಹಾಗೆ ಕಾಣುವುದಿಲ್ಲ.

೧೭ ಏಪ್ರಿಲ್, ಪವಿತ್ರ ಗುರುವಾರ

ಹೊತ್ತು ತುಂಬ ಆಗಿದೆ. ಆದರೂ ಬರೆದುಬಿಡುತ್ತೇನೆ.

ನಮ್ಮಲ್ಲಿ ಪಾದ ತೊಳೆಸಿಕೊಳ್ಳುವ ಗಂಡಸರು ಮನೆಯಲ್ಲೇ ಕಾಲನ್ನು ಚೆನ್ನಾಗಿ ತಿಕ್ಕಿ ತೊಳೆದುಕೊಂಡು ಹೋಗುವುದು ಪದ್ಧತಿ. ಪಾದ್ರಿಗಳ ಎದುರು ಕೊಳೆ ಕಾಲು ಚಾಚುವುದುಂಟೇ? ಅವರು ತೊಳೆದು, ಬಗ್ಗಿ ಮುತ್ತು ಬೇರೆ ಕೊಡುತ್ತಾರೆ. ಹಾಗಾಗಿ ಬೆಳಿಗ್ಗೆ ನಾನೇ ಇನಾಸನಿಗೆ ಹೇಳಿದೆ, ಇಡೀ ಊರು ನೋಡುತ್ತದೆ, ಸರಿಯಾಗಿ ತಿಕ್ಕು ಎಂದು. ತೆಂಗಿನ ನಾರು, ಸೋಪು ಕೊಟ್ಟೆ. ಅವನು ಬಾವಿಕಟ್ಟೆಯಲ್ಲಿ ಕೂತು ತಿಕ್ಕಿಯೇ ತಿಕ್ಕಿದ.

ಯಶೋದಾ ಬೇಲಿಯಾಚೆಯಿಂದ ಕೇಳಿದಳು: ‘ಅಲ್ಲ ಅಕ್ಕೋರೆ, ಪಾದ್ರಿಗಳು ತೊಳೀತ್ರು ಹೇಳಿ ಅಲಾ ಹೋಗೂದು? ಮನೆಲೇ ತೊಳ್ಕಂಡು ಹೋದ್ರೆ ಅವ್ರಿಗೆ ಎಂತಾ ಕೆಲ್ಸ?’ ನಿನಗೆ ಗೊತ್ತಾಗುವುದಿಲ್ಲ ಸುಮ್ಮನಿರು ಅಂದೆ.

ಅಂಗನವಾಡಿ ಮುಗಿಸಿ ಬಂದು ನೋಡಿದರೆ ಇನಾಸ್ ಇಲ್ಲ. ಇಸ್ತ್ರಿ ಮಾಡಿಟ್ಟ ಅಂಗಿ ಜಗಲಿಯಲ್ಲಿ ಹಾಗೇ ಇದೆ. ಬಾವಿಕಟ್ಟೆಯ ಮೇಲೆ ಬಿದ್ದ ನಾರಿನಲ್ಲಿ ರಕ್ತ. ಚೆಕ್‌ಪೋಸ್ಟಿನ ಕಡೆ ಬರಿಗಾಲಲ್ಲಿ ಹೋದ ಎಂದು ಯಶೋದಾ ಹೇಳಿದಳು. ಈ ಸಲ ತಿರುಗಿ ಬಂದಿರಲಿಲ್ಲ. ಇವರಿಗೆ ಫೋನ್ ಮಾಡಿದರೆ ಎತ್ತಲಿಲ್ಲ.

ಆಟೋ ಹಿಡಿದು ಹೋದೆ. ಪೂಜೆಗೆಂದು ಉಟ್ಟ ಹಬ್ಬದ ಸೀರೆಯಲ್ಲೇ ಬಾರಿನಿಂದ ಬಾರಿಗೆ ಇಣುಕಿದೆ. ಗಂಡಸರು ಕುಡಿಯುವುದನ್ನು ಬಿಟ್ಟು ನನ್ನನ್ನೇ ನೋಡಿದರು. ಎಂಥ ಹೆದರಿಕೆ! ಒಂದು ಬಾರಿನ ಹಿಂದಿನ ಅಂಗಳದಲ್ಲಿ ಖಾಲಿ ಬಾಟಲಿಗಳ ಕ್ರೇಟಿನ ಮೇಲೆ ಕೂತಿದ್ದ. ಮುಂದೆ ಗ್ಲಾಸು. ಒಂಬತ್ತು ವರ್ಷದ ಹಿಂದಿನ ಅದೇ ವಾಸನೆ.

ಅವನು ನನ್ನನ್ನು ನೋಡಿ ಕೈ ಎತ್ತಿದ. ನಾನು ಮುಖ ಮುಚ್ಚಿಕೊಂಡೆ. ಏನೂ ಬೀಳಲಿಲ್ಲ. ಕಣ್ಣು ಬಿಟ್ಟರೆ ಅವನು ಗ್ಲಾಸನ್ನು ನನ್ನ ಕಡೆ ತಳ್ಳಿದ್ದ, ಇನ್ನೂ ಅರ್ಧ ಇತ್ತು.

‘ಕುಡ್ದೆ ವೈನಿ’ ಅಂದ. ‘ತಿಕ್ಕಿದೆ, ತಿಕ್ಕಿದೆ. ಹೋಗೂದಿಲ್ಲ. ಈ ಕಾಲಲ್ಲೇ ಅಲಾ ನಾನು ಒದ್ದದ್ದು? ಇದಕ್ಕೆ ಪಾದ್ರಿಗಳು ಮುತ್ತು ಕೊಡೂದು ಹೇಗೆ? ನನ್ನಿಂದ ಆಗೂದಿಲ್ಲ.’

ಇಷ್ಟು ವರ್ಷ ಕೇಳಿದ ಪ್ರವಚನ ಎಲ್ಲ ಎಲ್ಲಿ ಹೋಯಿತೋ, ಒಂದು ಮಾತೂ ಹೊಳೆಯಲಿಲ್ಲ. ‘ಏಳು, ಮನೆಗೆ ಹೋಗುವ’ ಅಂದೆ. ಎದ್ದ. ತೂರಾಡುತ್ತಿದ್ದ, ತೋಳು ಹಿಡಿದುಕೊಳ್ಳಬೇಕಾಯಿತು. ಆಟೋದಲ್ಲಿ ಮಗುವಿನ ಹಾಗೆ ಅತ್ತ.

ಮನೆಯ ಮೆಟ್ಟಿಲ ಮೇಲೆ ಕೂರಿಸಿದೆ. ಪಾದವೆಲ್ಲ ಸುಲಿದು, ಧೂಳು ರಕ್ತ ಮೆತ್ತಿತ್ತು. ಹಬ್ಬಕ್ಕೆಂದು ಮನೆಯೆಲ್ಲ ಒರೆಸಿಟ್ಟಿದ್ದೇನೆ, ಆ ಕಾಲಲ್ಲಿ ಒಳಗೆ ಬಿಡುವುದು ಹೇಗೆ? ಅವನಿಗೆ ಬಗ್ಗಲೂ ಆಗುತ್ತಿರಲಿಲ್ಲ. ಜೊವಿಟಾ ತಂಬಿಗೆಯಿಂದ ನೀರು ಸುರಿದಳು, ನಾನು ತೊಳೆದೆ. ಎಡಗಾಲು, ಬಲಗಾಲು. ಉರಿಗೆ ಅವನು ಹಲ್ಲು ಕಚ್ಚಿಕೊಂಡಿದ್ದ. ಜೊವಿಟಾಳೇ ಟವೆಲಿನಿಂದ ಒತ್ತಿ ಒರೆಸಿ ಎಣ್ಣೆ ಹಚ್ಚಿದಳು.

ಅಷ್ಟು ಹೊತ್ತಿಗೆ ಪೂಜೆ ಮುಗಿದು ಜನ ಇಗರ್ಜಿಯಿಂದ ವಾಪಸ್ ಹೋಗುತ್ತಿದ್ದರು. ಮದುವೆಯಾಗಿ ಬಂದ ಮೇಲೆ ಪಾದ ತೊಳೆಯುವ ವಿಧಿ ನನಗೆ ತಪ್ಪಿಹೋದದ್ದು ಇದೇ ಮೊದಲು. ತುಂಬ ಬೇಸರವಾಗಿದೆ.

೧೮ ಏಪ್ರಿಲ್, ಶುಭ ಶುಕ್ರವಾರ

ಮುಸುಕು ಹಾಕಿ ಮಲಗಿದ್ದಾನೆ. ನೀರೂ ಮುಟ್ಟಲಿಲ್ಲ. ಅವನ ಚೀಲ ಕಟ್ಟಿಟ್ಟದ್ದು ಕಂಡಿತು. ‘ಎಲ್ಲಿಗೆ?’ ಅಂದೆ. ‘ಮುಗೀತಲಾ ವೈನಿ. ದೇವ್ರಿಗೂ ಸಾಕಾಗಿರ್ತದೆ’ ಅಂದ.

ಹೋಗಿಬಿಟ್ಟರೆ? ಎಲ್ಲಿ ಬೀಳುತ್ತಾನೆ, ಯಾರು ಎತ್ತುತ್ತಾರೆ? ಚೀಲವನ್ನು ಅಕ್ಕಿ ಡಬ್ಬದ ಹಿಂದೆ, ಆ ಗೋಣಿಯ ಪಕ್ಕದಲ್ಲಿ ಅಡಗಿಸಿಟ್ಟೆ.

೧೯ ಏಪ್ರಿಲ್, ಶನಿವಾರ

ಬೆಳಿಗ್ಗೆ ದತ್ತಾ ತಾಂಡೇಲ ಗೇಟಿನಲ್ಲಿ ನಿಂತು ಕೂಗಿದ: ‘ಇನಾಸಾ, ಬಲೆ ಭಾರ ಆಗ್ಯದೆ, ಜನ ಸಾಲೂದಿಲ್ಲ. ಬಾರಾ!’

ಇನಾಸ್ ಮುಸುಕಿನೊಳಗಿನಿಂದಲೇ ಬರುವುದಿಲ್ಲ ಅಂದ. ದತ್ತಾನಿಗೂ ಗುರುವಾರದ್ದು ತಿಳಿದಿದೆ, ಊರಿಗೇ ತಿಳಿದಿದೆ. ಆದರೂ ಅವನು ಗೇಟು ಬಿಟ್ಟು ಹೋಗಲಿಲ್ಲ. ನನಗೆ ಏನಾಯಿತೋ, ‘ಏಳು, ನಾನೂ ಬರುತ್ತೇನೆ’ ಅಂದುಬಿಟ್ಟೆ. ಇನಾಸ್ ಮುಸುಕು ತೆಗೆದು ನನ್ನನ್ನೇ ನೋಡಿದ. ಎದ್ದ.

ನಾವು ಹೋಗುವಾಗ ಬಲೆ ದಡಕ್ಕೆ ಬಂದೇ ಬಿಟ್ಟಿತ್ತು. ಸೀರೆ ಸಿಕ್ಕಿಸಿ ಹಗ್ಗ ಹಿಡಿದೆ. ಹಗ್ಗ ಒದ್ದೆ, ಒರಟು. ಎದುರಿಗೆ ಸಮುದ್ರ, ಹಿಂದೆ ಇನಾಸನ ಉಸಿರು. ಕಾಲ ಗಾಯಕ್ಕೆ ಉಪ್ಪು ತಾಗಿ ಅವನು ಮುಲುಗುತ್ತಿದ್ದ, ಬಿಡಲಿಲ್ಲ. ನಾನು ಎಳೆದದ್ದಕ್ಕಿಂತ ಹಗ್ಗವೇ ನನ್ನನ್ನು ಎಳೆದದ್ದು ಹೆಚ್ಚು.

ಪಾಲು ಹಾಕುವಾಗ ದತ್ತಾ ನಮ್ಮ ಮುಂದೆ ಎರಡು ಗುಪ್ಪೆ ತಾರ್ಲೆ ಮೀನು ಸುರಿದ. ಬೆಳಗಿನಿಂದ ಎಳೆದ ಗಂಡಸರು ನೋಡುತ್ತಿದ್ದರು. ನನಗೆ ನಾಚಿಕೆಯಾಯಿತು.

‘ನಾನು ಈಗ ಬಂದವಳು ಮಾರಾಯಾ. ನನಗೆ ಬೇಡ.’

‘ಹಗ್ಗ ಮುಟ್ಟಿದ್ರಿ ಅಲಾ ಅಕ್ಕೋರೆ’ ಅಂದ ದತ್ತಾ, ತಲೆಯನ್ನೂ ಎತ್ತದೆ. ಸೆರಗೊಡ್ಡಿ ತೆಗೆದುಕೊಂಡೆ.

ಮನೆಗೆ ಬಂದು ಗೋಣಿ ಬಿಚ್ಚಿ ಈಳಿಗೆ ತೆಗೆದೆ. ಮೀನು ಹೆಚ್ಚಿ ಹೆಚ್ಚಿ ಕೈ ಸೋತಿತು, ಉಳಿದದ್ದನ್ನು ಇನಾಸ್ ಹೆಚ್ಚಿದ.

೨೦ ಏಪ್ರಿಲ್, ಪುನರುತ್ಥಾನದ ಭಾನುವಾರ

ಪೂಜೆಗೆ ಎಲ್ಲರೂ ಹೋದೆವು. ಇನಾಸ್ ಕೊನೆಯ ಬೆಂಚಿನಲ್ಲಿ ಕೂತಿದ್ದ. ಪಾದ್ರಿಗಳು ತಾವೇ ಅಲ್ಲಿಗೆ ಬಂದು ಅವನ ಕೈ ಹಿಡಿದುಕೊಂಡರು, ಏನು ಹೇಳಿದರೋ ಕೇಳಿಸಲಿಲ್ಲ. ಇವರು ಮಡಗಾಂವಿನಿಂದ ಕೇಕು ತಂದಿದ್ದರು.

ಕೋಣೆ ಗುಡಿಸುವಾಗ ಒಳಚಿಲಕ ಕಣ್ಣಿಗೆ ಬಿತ್ತು. ಉಪ್ಪು ಗಾಳಿಗೆ ತುಕ್ಕು ಹಿಡಿದು ಕೂತಿದೆ, ಎಳೆದರೂ ಬರುವುದಿಲ್ಲ. ಕೊನೆಯ ಸಲ ಯಾವತ್ತು ಹಾಕಿದ್ದೆನೋ ನೆನಪಾಗಲಿಲ್ಲ. ಶಿವಾನಂದ ಆಚಾರಿ ಒಳ್ಳೆಯ ಮಾಲು ಹಾಕಿಲ್ಲ, ಸಿಕ್ಕಿದರೆ ಕೇಳಬೇಕು.

ಈಗ ಸಂಜೆ. ಇನಾಸ್ ಚೆಕ್‌ಪೋಸ್ಟಿನ ಕಡೆ ಹೋಗಿದ್ದಾನೆ. ಇಷ್ಟು ಹೊತ್ತಿಗೆ ಬರಬೇಕಿತ್ತು. ಬಾಗಿಲು ತೆರೆದಿಟ್ಟು, ಗೇಟು ಕಾಣುವ ಹಾಗೆ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಅವನ ಪಾಲಿನ ಮೀನು ಮುಚ್ಚಿಟ್ಟಿದ್ದೇನೆ.

ದೇವರೇ, ಇವತ್ತು ಒಂದು ದಿನ ಅವನನ್ನು ತಿರುಗಿಸು. ಇಲ್ಲಿಗೇ ಕಳಿಸು.